ಎಣ್ಣೆಸ್ನಾನದ ಬಟ್ಟಲಿಗೆ ಎಷ್ಟು ಹನಿ ಪರಿಮಳ?

ಈಗ ಶಿವಮೊಗ್ಗದಲ್ಲಿ ಯಾರ ಮನೆಗೆ ಹೋದ್ರೂ ಕನ್ನಡಿ ಪಕ್ಕ ಒಂದೆರಡು ಪುಟ್ಟ ಕಂದು ಬಾಟ್ಲಿ ಕಾಣತ್ತೆ, ಲ್ಯಾವೆಂಡರ್, ಟೀ ಟ್ರೀ, ರೋಸ್‌ಮೇರಿ, ಲೆಮನ್‌ಗ್ರಾಸ್ ಅಂತೆಲ್ಲ. ಯಾರೋ ಗಿಫ್ಟ್ ಕೊಟ್ಟಿದ್ದು ಇಲ್ಲಾ ರೀಲ್ಸ್ ನೋಡಿ ತರಿಸಿದ್ದು, ತಂದಾದ್ಮೇಲೆ ಏನ್ ಮಾಡದು ಅಂತ ಗೊತ್ತಾಗ್ದೆ ಹಾಗೇ ಕೂತಿರತ್ತೆ. ಗೆಳತಿಯರು, ನೆಂಟರು ಎಲ್ಲ ನನ್ನ ಕೇಳೋದು ಒಂದೇ, ಗಿಡಗಳಿಂದ ತೆಗೆದ ಗಾಢ ಪರಿಮಳದ ಈ ಎಸೆನ್ಷಿಯಲ್ ಆಯಿಲ್‌ನ ಆಯುರ್ವೇದದ ಥರ ಹೆಂಗೆ ಬಳಸದು ಅಂತ. ನಾನು ಹೇಳೋದೂ ಒಂದೇ. ಮೈಗೆ ಹಿಡಿಯೋದು ಎಳ್ಳೆಣ್ಣೆನೋ ಕೊಬ್ಬರಿ ಎಣ್ಣೆನೋ, ಅದರ ಜೊತೆ ಬಿಸಿನೀರು, ಮತ್ತೆ ನೀವು ಅದಕ್ಕೆ ಅಂತ ಎತ್ತಿಡೋ ಅರ್ಧ ಗಂಟೆ. ಈ ಪುಟ್ಟ ಬಾಟ್ಲಿ ಕಟ್ಟಕಡೇಲಿ ಬರೋದು, ಅದೂ ಹನಿ ಲೆಕ್ಕದಲ್ಲಿ.

ಮಲೆನಾಡಿನೋರಿಗೆ ಇದನ್ನ ಹೊಸದಾಗಿ ಕಲಿಸಬೇಕಾಗೇ ಇಲ್ಲ. ದೀಪಾವಳಿಗೆ ನೀರು ತುಂಬೋ ಹಬ್ಬದ ದಿನ ಹಂಡೆ ತೊಳೆದು ನೀರು ತುಂಬಿ ಮಾರನೇ ದಿನ ಬೆಳಗಿನ ಜಾವಕ್ಕೇ ಎಣ್ಣೆ ಹಚ್ಚಿ ಕೂರಿಸ್ತಾರಲ್ಲ, ಅಭ್ಯಂಗ ಅಂದ್ರೆ ಅದೇ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಉರಿ ಹಾಕಿದ್ರೆ ಹಂಡೆ ನೀರು ಮಧ್ಯಾಹ್ನದ ತನಕ ಬಿಸಿ ಇರತ್ತೆ, ತಲೆಗೆ ದಾಸವಾಳ ಸೊಪ್ಪಿನ ಗೊಂಪು, ಮೈಗೆ ಕಡ್ಲೆ ಹಿಟ್ಟೋ ಸೀಗೆಪುಡಿಯೋ, ಇನ್ನೇನು ಬೇಕು ಹೇಳಿ. ವಾಗ್ಭಟರ ಅಷ್ಟಾಂಗ ಹೃದಯ ಅನ್ನೋ ಹಳೇ ಆಯುರ್ವೇದ ಗ್ರಂಥದ ದಿನಚರ್ಯೆ ಅಧ್ಯಾಯದಲ್ಲಿ ದಿನಾ ಅಭ್ಯಂಗ ಮಾಡಿ ಅಂತಾನೇ ಇದೆ, ಪೂರ್ತಿ ಮೈ ಆಗ್ಲಿಲ್ಲ ಅಂದ್ರೂ ತಲೆ, ಕಿವಿ, ಪಾದ ಈ ಮೂರನ್ನ ವಿಶೇಷವಾಗಿ ನೋಡ್ಕೊಳಿ ಅಂತ. ಅಲ್ಲೇ ಇನ್ನೊಂದು ಮಾತಿದೆ, ಬಿಸಿನೀರು ಕುತ್ತಿಗೆಯಿಂದ ಕೆಳಗೆ ಹುಯ್ಕೊಂಡ್ರೆ ಬಲ, ತಲೆಗೆ ಹುಯ್ಕೊಂಡ್ರೆ ಕೂದಲಿಗೂ ಕಣ್ಣಿಗೂ ಕೆಡುಕು. ಹಾಗಾಗಿ ತಲೆಗೆ ಉಗುರುಬೆಚ್ಚಗಿನ ನೀರೇ ಸಾಕು. ಜ್ವರ ಇದ್ದಾಗ, ಊಟ ಅರಗದೆ ಹೊಟ್ಟೆ ಭಾರ ಇದ್ದಾಗ, ಎದೇಲಿ ಕಫ ಕಟ್ಟಿದಾಗ ಎಣ್ಣೆಸ್ನಾನ ಬೇಡ, ಅದು ನಮ್ಮ ಹಿರಿಯರ ಬಾಯಲ್ಲೂ ಇದೆ, ಗ್ರಂಥದಲ್ಲೂ ಇದೆ.

ಇನ್ನು ಪರಿಮಳದ ವಿಷಯ. ಮನೇಲಿ ತಲೆಗೆಣ್ಣೆ ಕಾಯಿಸೋದನ್ನ ಹತ್ರ ನಿಂತು ನೋಡಿದೋರಿಗೆ ಇದು ಬೇಗ ಅರ್ಥ ಆಗತ್ತೆ. ಶಾಸ್ತ್ರದ ಲೆಕ್ಕ ಏನಪ್ಪಾ ಅಂದ್ರೆ ಅರೆದ ಸೊಪ್ಪಿನ ಮುದ್ದೆ ಒಂದು ಭಾಗ, ಎಣ್ಣೆ ನಾಕು ಭಾಗ, ರಸ ಇಲ್ಲಾ ಕಷಾಯ ಹದಿನಾರು ಭಾಗ. ಮನೇಲಿ ಅಷ್ಟು ಅಳೆಯಲ್ಲ, ಗರಗದ ಸೊಪ್ಪು, ಒಂದೆಲಗ, ನೆಲ್ಲಿಕಾಯಿ ಎಲ್ಲ ರುಬ್ಬಿ ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರೀಲಿ ಇಟ್ಕೊಂಡು ಕೈಯಾಡಿಸ್ತಾ ಇರೋದು. ಮೊದಲು ಕೊತಕೊತ ಅಂತ ನೀರಿನ ಸದ್ದು, ಆಮೇಲೆ ಸದ್ದು ಕಡಿಮೆ ಆಗ್ತಾ ಬರತ್ತೆ, ತಳದಲ್ಲಿರೋ ಚರಟ ಒಂದು ಚೂರು ತೆಗೆದು ಬೆರಳಲ್ಲಿ ಹೊಸೆದ್ರೆ ಬತ್ತಿ ಥರ ಉರುಳಬೇಕು, ಆ ಬತ್ತೀನ ಬೆಂಕಿಗೆ ಹಿಡಿದ್ರೆ ಚಟಪಟ ಅನ್ನದೆ ಉರೀಬೇಕು. ಚಟಪಟ ಅಂತು ಅಂದ್ರೆ ಒಳಗೆ ಇನ್ನೂ ನೀರಿದೆ, ಆ ಎಣ್ಣೆ ಇಟ್ರೆ ಮುಗ್ಗಲು ವಾಸನೆ ಬರತ್ತೆ. ಎಣ್ಣೆ ಹದಕ್ಕೆ ಬಂದಾಗ ಮೇಲೆ ನೊರೆ ಏಳತ್ತೆ, ತುಪ್ಪದಲ್ಲಾದ್ರೆ ಉಲ್ಟಾ, ಇದ್ದ ನೊರೆ ಇಳಿಯತ್ತೆ. ಇಷ್ಟು ಹೊತ್ತು ಕಾದ ಎಣ್ಣೆಗೆ ಪರಿಮಳದ ವಸ್ತು ಹಾಕಿದ್ರೆ ಏನಾಗತ್ತೆ? ಎಲ್ಲಾ ಆವಿಯಾಗಿ ಅಡುಗೆಮನೆ ಪರಿಮಳ ಬರತ್ತೆ, ಎಣ್ಣೇಲಿ ಏನೂ ಉಳಿಯಲ್ಲ. ಅದಕ್ಕೇ ಕರ್ಪೂರ, ಕೇಸರಿ ಥರದ್ದನ್ನ ಎಣ್ಣೆ ಕೆಳಗಿಳಿಸಿ ಸೋಸಿದ ಮೇಲೆ ಹಾಕೋ ಪದ್ಧತಿ, ಅದಕ್ಕೆ ಪತ್ರಪಾಕ ಅಂತ ಹೆಸರು. ನಿಮ್ಮ ಕಂದು ಬಾಟ್ಲಿಗೂ ಅದೇ ನಿಯಮ. ಟೀ ಟ್ರೀ ಆಸ್ಟ್ರೇಲಿಯಾದ ಗಿಡ, ಲ್ಯಾವೆಂಡರ್ ಮೆಡಿಟರೇನಿಯನ್ ಕಡೇದು, ಹಳೇ ಸಂಹಿತೆಗಳಲ್ಲಿ ಹುಡುಕಿದ್ರೆ ಸಿಗಲ್ಲ, ಆದ್ರೆ ಬಳಸೋ ಕ್ರಮ ಮಾತ್ರ ನಮ್ಮ ಪದ್ಧತಿಗೇ ಹೊಂದ್ಕೊಳತ್ತೆ, ಮೊದಲು ಎಣ್ಣೆ ಆರಲಿ, ಆಮೇಲೆ ಹನಿ ಬೀಳಲಿ.

ಎಷ್ಟು ಹನಿ ಅಂತ ಕೇಳ್ತೀರಾ, ಇದನ್ನ ಗಮನ ಇಟ್ಟು ಓದಿ. ಅಂದಾಜು 20 ಹನಿ ಅಂದ್ರೆ 1 ಎಂ.ಎಲ್. ಮೈಗೆ ಹಚ್ಚೋ ಎಣ್ಣೇಲಿ ನೂರಕ್ಕೆ ಒಂದು ಪಾಲು ಸಾಕು, ಅಂದ್ರೆ 100 ಎಂ.ಎಲ್. ಎಳ್ಳೆಣ್ಣೆಗೆ 20 ಹನಿ, ಒಂದು ಸಲಕ್ಕೆ ಬೇಕಾಗೋ 30 ಎಂ.ಎಲ್.ಗೆ 6 ಹನಿ. ಮುಖಕ್ಕೆ ಅದರರ್ಧ. ಮಜ್ಜಿಗೆ ಹುಲ್ಲಿನ, ಅಂದ್ರೆ ಲೆಮನ್‌ಗ್ರಾಸ್ ಎಣ್ಣೇಲಿ ಸಿಟ್ರಾಲ್ ಅನ್ನೋ ಅಂಶ ಜಾಸ್ತಿ, ಚರ್ಮ ಉರಿಯತ್ತೆ, ಅದನ್ನೂ ಅರ್ಧಕ್ಕೇ ಇಳಿಸಿ. ದಾಲ್ಚಿನ್ನಿ ಚಕ್ಕೆ ಎಣ್ಣೆ ಮೈಗೆ ಬೇಡವೇ ಬೇಡ. ಹೊಸದು ಯಾವುದೇ ಆಗ್ಲಿ, ಬೆರೆಸಿದ ಎಣ್ಣೆ ಒಂದು ಚೂರು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ, ಕೆಂಪಾಗಿಲ್ಲ, ತುರಿಸಿಲ್ಲ ಅಂದ್ರೆ ಮುಂದುವರಿಸಿ.

ಯಾವ ಕಾಲಕ್ಕೆ ಯಾವ್ದು ಅನ್ನೋದೂ ಮುಖ್ಯ. ಆರಿದ್ರೆ, ಪುನರ್ವಸು, ಪುಷ್ಯ ಅಂತ ಮಳೆ ಹಿಡಿದು ಬಟ್ಟೆ ಒಣಗದೆ ಗೋಡೆ ಬೆವರೋ ಹೊತ್ತಲ್ಲಿ ಮೈಕೈ ನೋವು, ಗಂಟು ಹಿಡ್ಕೊಳದು ಎಲ್ಲ ಶುರುವಾಗತ್ತೆ, ಮಳೆಗಾಲದಲ್ಲಿ ವಾತ ಕೆರಳತ್ತೆ ಅಂತ ಆಯುರ್ವೇದ ಹೇಳೋದೂ ಅದನ್ನೇ. ಆಗ ಬೆಚ್ಚಗಿನ ಎಳ್ಳೆಣ್ಣೆಗೆ ಎರಡು ಹನಿ ಮಜ್ಜಿಗೆ ಹುಲ್ಲಿಂದೋ ಶುಂಠೀದೋ ಹಾಕ್ಕೊಂಡು ಸೊಂಟ, ಮಂಡಿಗೆ ತಿಕ್ಕಿ. ಮಳೆ ಹೋಗಿ ಬಿಸಿಲು ಚುರ್ ಅನ್ನೋ ಶರದೃತೂಲಿ ಪಿತ್ತದ ಕಾಲ, ಕೊಬ್ಬರಿ ಎಣ್ಣೆಗೆ ಲಾವಂಚ ಒಳ್ಳೇದು. ಲಾವಂಚದ ಎಣ್ಣೆ ದುಬಾರಿ ಅನ್ಸಿದ್ರೆ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡೀಲಿ ಲಾವಂಚದ ಬೇರು ಸಿಗತ್ತೆ, ಒಂದು ಹಿಡಿ ತೊಳೆದು ಬಟ್ಟೇಲಿ ಕಟ್ಟಿ ಸ್ನಾನದ ನೀರಿಗೆ ಬಿಡಿ, ನನಗಂತೂ ಬಾಟ್ಲಿಗಿಂತ ಅದೇ ಇಷ್ಟ, ಮೊದಲ ಮಳೆ ಬಿದ್ದ ತೋಟದ ಮಣ್ಣಿನ ಥರ ಪರಿಮಳ. ಚಳಿಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಕೊಬ್ಬರಿ ಎಣ್ಣೆ ಬೆಳಗ್ಗೆ ಗಟ್ಟಿಯಾಗಿ ಕೂತಿರತ್ತೆ ಅಲ್ವಾ, 24 ಡಿಗ್ರಿಗಿಂತ ಕೆಳಗೆ ಬಂದ್ರೆ ಅದು ಹೆಪ್ಪುಗಟ್ಟತ್ತೆ, ಅದರ ಮೇಲೆ ಹನಿ ಹಾಕಿದ್ರೆ ಒಂದು ಕಡೆ ನಿಂತುಬಿಡತ್ತೆ, ಬೆರೆಯಲ್ಲ, ಹಚ್ಚಿದ ಜಾಗದಲ್ಲಿ ಉರಿ ಬರತ್ತೆ. ಬಾಟ್ಲೀನ ಬಿಸಿನೀರಿನ ಪಾತ್ರೇಲಿ ಇಟ್ಟು ಪೂರ್ತಿ ಕರಗಿಸಿ, ಕೈಗೆ ಬೆಚ್ಚಗಾದಾಗ ಹನಿ ಹಾಕಿ ಅಲ್ಲಾಡಿಸಿ, ಅಷ್ಟೇ.

ಗಂಧದೆಣ್ಣೆ ಬಗ್ಗೆ ಹೇಳ್ದೆ ಇದ್ರೆ ಶಿವಮೊಗ್ಗದೋರು ಅಂತ ಹೇಳ್ಕೊಳೋಕೆ ಆಗಲ್ಲ. 1916ರಲ್ಲಿ ಮೈಸೂರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು, 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಒಂದು ಬಂತು. ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ ಕೆತ್ತೋದು ಗೊತ್ತೇ ಇದೆಯಲ್ಲ, ಆ ಮರದ ಹೊರಗಿನ ಬಿಳಿ ಭಾಗದಲ್ಲಿ ಪರಿಮಳ ಇಲ್ಲ, ಎಣ್ಣೆ ಇರೋದು ಒಳಗಿನ ಚೇಗು ಮತ್ತೆ ಬೇರಲ್ಲಿ, ಅದು ಬಲಿಯೋಕೆ ವರ್ಷಗಟ್ಟಲೆ ಬೇಕು. ಅದಕ್ಕೇ ಅಸಲಿ ಗಂಧದೆಣ್ಣೆ 10 ಎಂ.ಎಲ್.ಗೇ ಸಾವಿರಗಟ್ಟಲೆ ಆಗೋದು. ನೂರಿನ್ನೂರು ರೂಪಾಯಿಗೆ ಗಂಧದೆಣ್ಣೆ ಅಂತ ಯಾರಾದ್ರೂ ಕೊಟ್ರೆ ಅದು ಸೆಂಟು, ದೇವರ ಮನೆ ಪರಿಮಳಕ್ಕೆ ಬೇಕಾದ್ರೆ ಇಟ್ಕೊಳಿ, ಮೈಗೆ ಹಚ್ಬೇಡಿ. ಕೊಳ್ಳುವಾಗ ಲೇಬಲ್ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರಿದ್ಯಾ, ಗಾಜಿನ ಬಾಟ್ಲೀನಾ ನೋಡಿ. ನೀಲಗಿರಿ, ಮಜ್ಜಿಗೆ ಹುಲ್ಲು ಥರದ ಹಗುರ ಎಣ್ಣೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ರೆ ಆರಿ ಹೋಗಬೇಕು, ಜಿಡ್ಡಿನ ಕಲೆ ನಿಂತ್ರೆ ಒಳಗೆ ಬೇರೆ ಎಣ್ಣೆ ಬೆರೆಸಿದಾರೆ ಅಂತ. ಗಂಧ, ಲಾವಂಚ ಭಾರದ ಎಣ್ಣೆ, ಅವಕ್ಕೆ ಈ ಪರೀಕ್ಷೆ ನಡೆಯಲ್ಲ.

ಈಗ ನನಗೆ ನಿಜಕ್ಕೂ ಸಂಕಟ ಆಗೋ ವಿಷಯ. ಎಷ್ಟೋ ವಿಡಿಯೋಗಳಲ್ಲಿ ಈ ಎಣ್ಣೇನ ನೀರಿಗೆ ಎರಡು ಹನಿ ಹಾಕಿ ಕುಡೀರಿ, ಮೂಗಿಗೆ ಬಿಡಿ ಅಂತ ಹೇಳ್ತಾರೆ. ದಯವಿಟ್ಟು ಮಾಡ್ಬೇಡಿ. ಮೂಗಿಗೆ ಬಿಡೋ ನಸ್ಯದ ತೈಲ ಬೇರೆ, ಅದು ಕಾಯಿಸಿದ ಎಳ್ಳೆಣ್ಣೆ, ವೈದ್ಯರು ಹೇಳಿದ ಮೇಲೆ ಬಿಡೋದು. ಭಟ್ಟಿ ಇಳಿಸಿದ ಎಸೆನ್ಷಿಯಲ್ ಆಯಿಲ್ ಮೂಗಿಗೆ, ಕಣ್ಣಿಗೆ, ಕಿವಿಗೆ ಯಾವತ್ತೂ ಬೇಡ. ನೀಲಗಿರಿ ಎಣ್ಣೆ, ಕರ್ಪೂರ ಪುಟ್ಟ ಮಕ್ಕಳ ಹೊಟ್ಟೆಗೆ ಹೋದ್ರೆ ಫಿಟ್ಸ್ ಬರಬಹುದು, ಸ್ವಲ್ಪವೇ ಸಾಕು, ಕೈಗೆಟುಕೋ ಜಾಗದಲ್ಲಿ ಇಡಲೇಬೇಡಿ. ಕೂಸಿಗೆ ನೆಗಡಿ ಅಂತ ಎದೆಗೆ ನೀಲಗಿರಿ ಎಣ್ಣೆ ತಿಕ್ಕೋದನ್ನೂ ಬಿಟ್ಬಿಡಿ, ಎಳೇ ಮಕ್ಕಳಿಗೆ ಬರೀ ಕೊಬ್ಬರಿ ಎಣ್ಣೆ ಸಾಕು. ಬಸುರಿಯರು, ಫಿಟ್ಸ್ ಇರೋರು, ಉಬ್ಬಸ ಇರೋರು ಡಾಕ್ಟರ್ ಕೇಳದೆ ಮುಟ್ಟೋದು ಬೇಡ. ನಿಂಬೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟ ಹಾಗೆ ಆಗತ್ತೆ, ತೋಟಕ್ಕೆ ಹೋಗೋರು ಜ್ಞಾಪಕ ಇಟ್ಕೊಳಿ. ಮತ್ತೆ ನಮ್ಮ ಕಡೆ ಬೆಕ್ಕಿಲ್ಲದ ಮನೆ ಇಲ್ಲ, ಬೆಕ್ಕಿನ ಲಿವರ್‌ಗೆ ಈ ಎಣ್ಣೆಗಳನ್ನ ಅರಗಿಸೋ ಶಕ್ತಿ ಕಡಿಮೆ, ಬಾಗಿಲು ಹಾಕಿದ ರೂಮಲ್ಲಿ ಬೆಕ್ಕನ್ನ ಕೂಡಿ ಡಿಫ್ಯೂಸರ್ (ಪರಿಮಳ ಹರಡೋ ಯಂತ್ರ) ಹಚ್ಬೇಡಿ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅನ್ಕೋಬೇಡಿ, ಇದನ್ನ ಸರಿಯಾಗಿ ಮಾಡಿದ್ರೆ ಸಿಗೋ ಸುಖ ದೊಡ್ಡದು. ಶುರು ಮಾಡೋರಿಗೆ ನಾನು ಮೊದಲು ಹೇಳೋದು ರಾತ್ರಿ ಪಾದಕ್ಕೆ ಎಣ್ಣೆ. ಒಂದು ಚಮಚ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಒಂದೇ ಒಂದು ಹನಿ ಲ್ಯಾವೆಂಡರ್ ಬೆರೆಸಿ, ಹಿಮ್ಮಡಿಯಿಂದ ಬೆರಳಿನ ತನಕ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಹಚ್ಚಿ, ಬೆರಳ ಸಂದಿ ಬಿಡಬೇಡಿ, ಮನೇಲಿ ಹಳೇ ಕಂಚಿನ ಬಟ್ಟಲಿದ್ರೆ ಅದರ ತಳದಿಂದ ಅಂಗಾಲು ಉಜ್ಜಿ ನೋಡಿ, ದಿನವಿಡೀ ನಿಂತ ಕಾಲು ಹಗುರಾಗತ್ತೆ. ಮಳೆಗಾಲದಲ್ಲಿ ಗದ್ದೆ, ತೋಟ ತಿರುಗಿ ಬೆರಳ ಸಂದಿ ಬೆಂದಿದ್ರೆ ಅಥವಾ ಗಾಯ ಇದ್ರೆ ಆ ಜಾಗ ಬಿಟ್ಟು ಹಚ್ಚಿ. ಹಚ್ಚಿದ ಮೇಲೆ ಹಳೇ ಬಟ್ಟೇಲಿ ಚೆನ್ನಾಗಿ ಒರೆಸಿ ಕಾಲುಚೀಲ ಹಾಕ್ಕೊಳಿ, ಇಲ್ಲಾಂದ್ರೆ ಹಾಸಿಗೆ ಕಲೆಯಾಗತ್ತೆ, ಮತ್ತೆ ಹಳೇ ಮನೆಗಳ ಕೆಂಪು ನೆಲದ ಮೇಲೆ ಎಣ್ಣೆ ಕಾಲು ಹೇಗೆ ಜಾರತ್ತೆ ಅಂತ ಗೊತ್ತಲ್ಲ, ವಯಸ್ಸಾದೋರಿಗೆ ಹಚ್ಚೋದಾದ್ರೆ ಬಚ್ಚಲಿಗೆ ಹೋಗಿ ಬಂದು ಮಲಗೋಕೆ ರೆಡಿ ಆದ ಮೇಲೇ ಹಚ್ಚಿ.