ಸೂರ್ಯನಿಲ್ಲದ ಊರಿನಲ್ಲಿ ಸಂಕ್ರಾಂತಿ

ನಾರ್ವೆಯ ಉತ್ತರ ಭಾಗದ ದ್ವೀಪನಗರ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯ ವಾರ ಮುಳುಗಿದ ಸೂರ್ಯ ಮತ್ತೆ ದಿಗಂತವನ್ನು ಮುಟ್ಟುವುದು ಜನವರಿಯ ನಡುವಿನಲ್ಲಿ. ಇಲ್ಲಿ ನೆಲೆಸಿರುವ ಕೆಲವೇ ಕನ್ನಡದ ಮನೆಗಳಲ್ಲಿ ನಮ್ಮದೂ ಒಂದು. ಇಂಥ ಊರಿಗೆ ನಮ್ಮ ಯಾವ ಹಬ್ಬ ಚೆನ್ನಾಗಿ ಒಪ್ಪುತ್ತದೆ ಎಂಬ ಮಾತು ಬಂದಾಗಲೆಲ್ಲ ಊರಿನ ನೆಂಟರು ದೀಪಾವಳಿ ಎನ್ನುತ್ತಾರೆ. ಆದರೆ ದೀಪಾವಳಿಯ ಹೊತ್ತಿಗೆ ಇಲ್ಲಿ ದಿನಕ್ಕೆ ಕೆಲವು ಗಂಟೆಗಳ ಹಗಲು ಇನ್ನೂ ಉಳಿದಿರುತ್ತದೆ, ನಿಜವಾದ ಕತ್ತಲೆ ಶುರುವಾಗುವುದೇ ಅದು ಮುಗಿದ ಮೇಲೆ. ನನ್ನ ಪ್ರಕಾರ ಈ ಊರಿಗೆ ಒಪ್ಪುವ ಹಬ್ಬ ಸಂಕ್ರಾಂತಿ.

ಬೆಂಗಳೂರಿನಲ್ಲಿ ಬೆಳೆದ ನನಗೆ ಸಂಕ್ರಾಂತಿ ಪಂಚಾಂಗದೊಳಗೆ ನಡೆಯುವ ಸಂಗತಿಯಾಗಿತ್ತು. ಸೂರ್ಯ ಧನುಸ್ಸಿನಿಂದ ಮಕರಕ್ಕೆ ಬಂದ ಎಂದು ಹಿರಿಯರು ಹೇಳಿದರೆ ಬಂದ ಎಂದುಕೊಳ್ಳುತ್ತಿದ್ದೆವೇ ಹೊರತು ಅದರ ಗುರುತನ್ನು ಆಕಾಶದಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಹಗಲು ಕೆಲವು ನಿಮಿಷ ಹಿಗ್ಗಿದ್ದು ಅಲ್ಲಿ ಗಮನಕ್ಕೆ ಬರುವಂಥದ್ದೂ ಅಲ್ಲ. ಗವಿಪುರದ ಗಂಗಾಧರೇಶ್ವರನ ಗುಡಿಯೊಂದು ಇದಕ್ಕೆ ಅಪವಾದ. ಹಬ್ಬದ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಅಲ್ಲಿ ಕಿಕ್ಕಿರಿದು ನಿಲ್ಲುತ್ತಾರೆ.

ಟ್ರೊಮ್ಸೊದಲ್ಲಿ ಆ ಪಂಚಾಂಗದ ಲೆಕ್ಕ ಕಣ್ಣಿಗೇ ಕಾಣುತ್ತದೆ. ಊರು ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜನವರಿ 15ರ ಆಸುಪಾಸಿನ ನಡುಹಗಲಿನಲ್ಲಿ ಸೂರ್ಯಬಿಂಬದ ಕೇಂದ್ರ ದಿಗಂತಕ್ಕಿಂತ ಹೆಚ್ಚುಕಡಿಮೆ ಒಂದು ಡಿಗ್ರಿ ಕೆಳಗಿರುತ್ತದೆ. ಆದರೆ ವಾತಾವರಣ ಬೆಳಕನ್ನು ಬಾಗಿಸುವುದರಿಂದಲೂ ಬಿಂಬಕ್ಕೇ ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದಲೂ ಅದರ ಮೇಲಂಚು ದಿಗಂತಕ್ಕೆ ಬಂದು ತಾಗುತ್ತದೆ. ಹೀಗೆ ಇಲ್ಲಿಯ ಧ್ರುವರಾತ್ರಿ ಲೆಕ್ಕದ ಮಟ್ಟಿಗೆ ಮುಗಿಯುವುದೂ ನಮ್ಮ ಪಂಚಾಂಗದಲ್ಲಿ ಉತ್ತರಾಯಣ ಪುಣ್ಯಕಾಲ ಎಂದು ಅಚ್ಚಾಗಿರುವುದೂ ಬಹುಮಟ್ಟಿಗೆ ಒಂದೇ ದಿನಕ್ಕೆ ಬರುತ್ತವೆ. ಇದು ಕಾಕತಾಳೀಯ ಎಂಬುದನ್ನೂ ಹೇಳಿಬಿಡಬೇಕು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21ರ ಸುಮಾರಿಗೆ. ನಕ್ಷತ್ರಗಳನ್ನು ಆಧರಿಸಿದ ನಮ್ಮ ಸಂಕ್ರಾಂತಿ, ಭೂಮಿಯ ಅಕ್ಷ ನಿಧಾನವಾಗಿ ತೊನೆಯುವ ಕಾರಣ, ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದಕ್ಕೆ ಸರಿಯುತ್ತಲೇ ಬಂದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅದು ಆ ವರ್ಷದ ಸಂಕ್ರಾಂತಿಯ ದಿನ. ಆಗ ಟ್ರೊಮ್ಸೊದ ಸೂರ್ಯ ಇನ್ನೂ ದಿಗಂತದ ಕೆಳಗೇ ಇದ್ದ. ಈ ಹೊಂದಾಣಿಕೆಯೇನಿದ್ದರೂ ನಮ್ಮ ಕಾಲದವರಿಗೆ ದಕ್ಕಿದ ಅದೃಷ್ಟ.

ಧ್ರುವರಾತ್ರಿಯೆಂದರೆ ಗಾಢಾಂಧಕಾರವೆಂದು ಭಾವಿಸಬೇಕಾಗಿಲ್ಲ. ನಡುಹಗಲಿನ ಆಚೀಚೆ ಕೆಲವು ಗಂಟೆಗಳ ಕಾಲ ಹಿಮವೂ ಸಮುದ್ರವೂ ಒಂದೇ ನೀಲಿಯಲ್ಲಿ ಅದ್ದಿದ ಹಾಗಿರುತ್ತವೆ, ದಕ್ಷಿಣದ ಅಂಚು ಮಾತ್ರ ಗುಲಾಬಿಗೆ ತಿರುಗಿರುತ್ತದೆ. ಗಲ್ಫ್ ಸ್ಟ್ರೀಮ್‌ನ ಬೆಚ್ಚನೆಯ ಪ್ರವಾಹ ಈ ತೀರದವರೆಗೂ ಬರುವುದರಿಂದ ಬಂದರು ಹೆಪ್ಪುಗಟ್ಟುವುದಿಲ್ಲ, ಚಳಿಯೂ ಇಷ್ಟು ಉತ್ತರದ ಊರಿಗೆ ತಕ್ಕಷ್ಟು ಉಗ್ರವಲ್ಲ. ಕಷ್ಟವಾಗುವುದು ನಿದ್ದೆಯ ವಿಷಯದಲ್ಲಿ. ಬೆಳಗಾಯಿತೆಂದು ಮೈಗೆ ತಿಳಿಯುವುದೇ ಇಲ್ಲ.

ಹಬ್ಬದ ಸಿದ್ಧತೆ ಹೊಸ ವರ್ಷದ ಮಾರನೆಯ ದಿನದಿಂದಲೇ ಶುರುವಾಗುತ್ತದೆ. ಎಳ್ಳು ಇಲ್ಲಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಚ್ಚುಬೆಲ್ಲ, ಹುರಿಗಡಲೆ, ಒಣಕೊಬ್ಬರಿಗಳನ್ನು ಊರಿಗೆ ಹೋಗಿ ಬಂದವರು ತಂದಿರಬೇಕು, ಇಲ್ಲವೇ ಓಸ್ಲೋದಿಂದ ತರಿಸಬೇಕು. ಕೊಬ್ಬರಿಯ ಕಂದು ಸಿಪ್ಪೆ ತೆಗೆಯಲು ನಾವು ಬಳಸುವುದು ನಾರ್ವೆಯ ಪ್ರತಿ ಅಡುಗೆಮನೆಯಲ್ಲೂ ಇರುವ ಚೀಸ್ ಹೆರೆಯುವ ಸಲಕರಣೆಯನ್ನು. ಲಿಲ್ಲೆಹ್ಯಾಮರ್‌ನ ಬಡಗಿ ಥೂರ್ ಬ್ಯೋರ್ಕ್‌ಲುಂಡ್ ಮರ ಹೆರೆಯುವ ಕೀಸುಳಿಯ ಮಾದರಿಯಲ್ಲೇ ರೂಪಿಸಿ 1925ರಲ್ಲಿ ಪೇಟೆಂಟ್ ಪಡೆದ ಈ ವಸ್ತು ತಿಪಟೂರಿನ ಕೊಬ್ಬರಿಗೆಂದೇ ಹುಟ್ಟಿತೇನೋ ಎನ್ನುವಷ್ಟು ಸಲೀಸಾಗಿ ಕೆಲಸ ಮಾಡುತ್ತದೆ. ಹೆರೆದ ಬಿಳಿ ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಅದೇ ಅಳತೆಗೆ ಕತ್ತರಿಸಿ, ಮನೆಯ ಹೀಟರಿನ ಮೇಲೆ ತಟ್ಟೆಯಲ್ಲಿ ಹರಡಿ ಒಣಗಿಸುತ್ತೇವೆ. ಊರಿನಲ್ಲಿ ಈ ಕೆಲಸವನ್ನು ತಾರಸಿಯ ಬಿಸಿಲು ಮಾಡುತ್ತಿತ್ತು.

ಸಕ್ಕರೆ ಅಚ್ಚಿನದು ಬೇರೆಯೇ ಕಥೆ. ಪಾಕಕ್ಕೆ ಹಾಲು ಬಿಟ್ಟು ಮೇಲೆ ಬಂದ ಕೊಳೆ ತೆಗೆಯುವುದು ಅಮ್ಮ ಕಲಿಸಿದ ಕ್ರಮ, ಆದರೆ ಇಲ್ಲಿಯ ಸಕ್ಕರೆಯಲ್ಲಿ ತೆಗೆಯಲು ಕೊಳೆಯೇ ಇರುವುದಿಲ್ಲ. ಕ್ರಮ ಬಿಡಬಾರದೆಂದು ಎರಡು ಚಮಚ ಹಾಲು ಬಿಡುತ್ತೇವೆ. ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಬಾಣಲೆಗೆ ಹಾಕಿ ಕಾಯಿಸುತ್ತಾ, ಸೌಟಿನಿಂದ ಬದಿಗೆ ತಿಕ್ಕಿ, ಅದು ಬೆಳ್ಳಗೆ ಮಬ್ಬಾಗುವ ಹೊತ್ತಿಗೆ ಸರಿಯಾಗಿ ನೀರಿನಲ್ಲಿ ನೆನೆಸಿ ಕಟ್ಟಿಟ್ಟ ಮರದ ಅಚ್ಚುಗಳಿಗೆ ಹುಯ್ಯಬೇಕು. ಒಂದು ಕ್ಷಣ ಮೊದಲಾದರೆ ಅಚ್ಚಿನಿಂದ ಸೋರುತ್ತದೆ, ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ. ಬಾಳೆಗೊನೆ, ಹಂಸ, ಆನೆ, ತುಳಸಿಕಟ್ಟೆಗಳು ಒಂದೊಂದಾಗಿ ಬಿಟ್ಟುಕೊಂಡು ಮೇಜಿನ ಮೇಲೆ ಸಾಲಾಗಿ ನಿಂತಾಗ ಮಕ್ಕಳಿಗೆ ಹಬ್ಬ ಬಂದಂತೆ. ಕಬ್ಬು ಸಿಗುವುದು ಏಷ್ಯಾದ ಸಾಮಗ್ರಿಗಳ ಅಂಗಡಿಯ ಶೀತಪೆಟ್ಟಿಗೆಯಲ್ಲಿ, ಗೇಣುದ್ದದ ತುಂಡುಗಳಾಗಿ. ಜಲ್ಲೆ ಹಿಡಿದು ಬೀದಿಯಲ್ಲಿ ಬರುವ ಸಂಭ್ರಮ ಮಾತ್ರ ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ. ಎಲಚಿಹಣ್ಣೂ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಮಂಡಕ್ಕಿ, ಒಣದ್ರಾಕ್ಷಿ, ನಾಣ್ಯ, ಚಾಕೊಲೇಟು ಸೇರಿಸಿ ತಲೆಯ ಮೇಲಿಂದ ಎರೆದು ಆರತಿ ಎತ್ತುತ್ತೇವೆ.

ಸಂಜೆ ಎಳ್ಳು ಬೀರುವುದಕ್ಕೆ ಹೊರಟರೆ ಬೂಟಿನ ಕೆಳಗೆ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳಬೇಕಾಗುತ್ತದೆ, ರೇಷ್ಮೆ ಸೀರೆಯ ಮೇಲೆ ಮೊಣಕಾಲಿನವರೆಗಿನ ಉಣ್ಣೆ ಕೋಟು. ಪೊಟ್ಟಣದ ಮೇಲೆ ಎಳ್ಳು, ಕಡಲೆಬೀಜ ಇವೆಯೆಂದು ನಾರ್ವೇಜಿಯನ್ ಭಾಷೆಯಲ್ಲಿ ಬರೆದು ಅಂಟಿಸುತ್ತೇವೆ, ಅಲರ್ಜಿ ಇರುವವರ ಕೈಗೆ ಹೋಗಬಾರದಲ್ಲ. ಮರಾಠಿಯವರ ಮನೆಯಿಂದ ತಿಳಗುಳ, ತಮಿಳರ ಮನೆಯಿಂದ ಪೊಂಗಲ್ ಎದುರು ಬರುತ್ತವೆ. ಕೊನೆಗೆ ಎಲ್ಲರೂ ಹಿತ್ತಿಲಿನ ಹಿಮದ ಮೇಲೆ ಕಬ್ಬಿಣದ ಬಾನಿಯಲ್ಲಿ ಬೆಂಕಿ ಹಾಕಿ ಸುತ್ತ ನಿಲ್ಲುತ್ತೇವೆ. ಮಂಡ್ಯದ ಕಡೆಯ ಗೆಳೆಯರು ಇದನ್ನು ಕಿಚ್ಚು ಹಾಯಿಸುವುದು ಎಂದು ಒಪ್ಪುವುದಿಲ್ಲ. ಎತ್ತಿಲ್ಲದೆ ಎಂಥ ಕಿಚ್ಚು ಎಂಬ ಅವರ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಲೆಕ್ಕದ ಸೂರ್ಯ ಬಂದರೂ ಊರಿನ ದಕ್ಷಿಣಕ್ಕಿರುವ ಬೆಟ್ಟಗಳು ಅವನನ್ನು ಇನ್ನೂ ಒಂದು ವಾರ ಮರೆಮಾಡುತ್ತವೆ. ಅವನು ಕಾಣಿಸುವುದು ಜನವರಿ 21ರಂದು, ಹನ್ನೆರಡು ಗಂಟೆಯ ಸುಮಾರಿಗೆ, ಕೆಲವೇ ನಿಮಿಷ. ಸೂಲ್‌ಡಾಗೆನ್ ಎಂದು ಕರೆಯುವ ಆ ದಿನ ಬೇಕರಿಗಳ ಮುಂದೆ ಸಾಲು ನಿಂತಿರುತ್ತದೆ, ಏಕೆಂದರೆ ಅಂದು ಸೂಲ್‌ಬೊಲ್ಲೆ ತಿನ್ನಲೇಬೇಕು: ಎಣ್ಣೆಯಲ್ಲಿ ಕರಿದು, ಒಳಗೆ ಜ್ಯಾಮ್ ತುಂಬಿ, ಮೇಲೆ ಸಕ್ಕರೆ ಹೊರಳಿಸಿದ ದುಂಡನೆಯ ಬನ್ನು. ಶಾಲಾಮಕ್ಕಳನ್ನು ಅಂಗಳಕ್ಕೆ ಕರೆತರುತ್ತಾರೆ, ಕಚೇರಿಯವರು ಕಾಫಿಯ ಲೋಟ ಹಿಡಿದು ದಕ್ಷಿಣಕ್ಕೆ ಮುಖಮಾಡಿ ನಿಲ್ಲುತ್ತಾರೆ. ಬಹಳ ವರ್ಷ ಮೋಡವೇ ಗೆಲ್ಲುತ್ತದೆ, ಬನ್ನು ತಿನ್ನುವುದಂತೂ ತಪ್ಪುವುದಿಲ್ಲ. ಗವಿಪುರದಲ್ಲಿ ಮೋಡ ಕವಿದ ಸಂಜೆಯೂ ಮಂಗಳಾರತಿ ನಿಲ್ಲುವುದಿಲ್ಲವಷ್ಟೆ. ಪಂಚಾಂಗವಾಗಲಿ ಪೂಜೆಯಾಗಲಿ ಇಲ್ಲದ ಈ ಹಬ್ಬದಲ್ಲಿ ನಿಂತಾಗಲೇ, ಎಳ್ಳುಬೆಲ್ಲಕ್ಕಿಂತ ಹಿಂದಿನ ಸಂಕ್ರಾಂತಿ ಹೇಗಿದ್ದಿರಬಹುದೆಂದು ನಾನು ಮೊದಲ ಬಾರಿಗೆ ಯೋಚಿಸಿದ್ದು.

ಸುಗ್ಗಿಯ ಮಾತೇನು ಎಂದು ಕೇಳಬಹುದು. ಹಿಮದಡಿಯ ನೆಲದಲ್ಲಿ ಅವರೆಯೂ ಇಲ್ಲ, ಭತ್ತವೂ ಇಲ್ಲ. ಆದರೆ ಇದೇ ಜನವರಿಯಲ್ಲಿ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಈ ಕರಾವಳಿಗೂ ಲೊಫೊಟೆನ್ ದ್ವೀಪಗಳ ಕಡೆಗೂ ಬರುತ್ತದೆ. ಸ್ಕ್ರೇ ಎಂಬ ಈ ಮೀನನ್ನು ಒಣಗಿಸಿ ಮಾರಿಯೇ ಉತ್ತರ ನಾರ್ವೆ ಶತಮಾನಗಳ ಕಾಲ ಬದುಕಿದೆ. ಮೀನನ್ನೂ ಅದರ ಯಕೃತ್ತನ್ನೂ ಮೊಟ್ಟೆಗಳನ್ನೂ ಬೇಯಿಸಿದ ಮೊಲ್ಯೆ ಈ ದಿನಗಳ ವಿಶೇಷ ಊಟ. ಎಳ್ಳಿನ ಪೊಟ್ಟಣ ಕೊಟ್ಟ ಮನೆಗಳಿಂದ ಅದಕ್ಕೆ ಆಹ್ವಾನ ಬಂದೇ ಬರುತ್ತದೆ. ನಮ್ಮಂಥ ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಬೆಣ್ಣೆ, ತೆಳ್ಳನೆಯ ರೊಟ್ಟಿ ಎತ್ತಿಟ್ಟಿರುತ್ತಾರೆ.

ಹಬ್ಬವನ್ನು ಪಂಚಾಂಗದ ದಿನವೇ ಮಾಡಬೇಕೋ, ಸೂರ್ಯ ಕಂಡ ದಿನ ಮಾಡಬೇಕೋ ಎಂಬ ವಾದ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಏಳುತ್ತದೆ. ಹಿರಿಯರು ಪಂಚಾಂಗದ ಪರ, ಇಲ್ಲಿಯೇ ಹುಟ್ಟಿದ ಮಕ್ಕಳು 21ರ ಪರ. ಸದ್ಯಕ್ಕೆ ಪೂಜೆ ಮತ್ತು ಹುಗ್ಗಿ 14 ಇಲ್ಲವೇ 15ಕ್ಕೆ, ಎಳ್ಳು ಬೀರುವುದು ಎರಡೂ ದಿನ ಎಂದು ಒಪ್ಪಂದವಾಗಿದೆ. ಅಚ್ಚು ಹುಯ್ಯುವವರಿಗೆ ಮಾತ್ರ ಕೆಲಸ ಇಮ್ಮಡಿಯಾಗಿದೆ.