ಆ 74 ದಿನ ಎಲ್ಲಿ ಹೋದವು?

ಸೋಮವಾರ ಲ್ಯಾಬಿನಿಂದ ತಂದ ವರದಿಯನ್ನು ಫ್ರಿಜ್ಜಿನ ಮೇಲೆ ಹಳೆಯ ಪತ್ರಿಕೆಗಳ ಅಡಿ ಸೇರಿಸಿದ್ದೆ. ಸಕ್ಕರೆ ಕಾಯಿಲೆಯವರಿಗೆ ಮಾಡುವ ರಕ್ತಪರೀಕ್ಷೆ ಎಚ್‌ಬಿಎ1ಸಿ, ಶೇಕಡಾ 7.4. ಏಳಕ್ಕಿಂತ ಕೆಳಗಿಳಿಯಬೇಕು ಎಂದು ವೈದ್ಯರು ಹೇಳಿದ್ದರು. ಲ್ಯಾಬಿನ ಹುಡುಗ ನಾಲ್ಕು ಜನರ ಎದುರೇ "ಜಾಸ್ತಿ ಇದೆ ಸಾರ್, ಬಾಯಿ ಕಟ್ಟಿರಿ" ಎಂದ. ಅವನ ಕೆಲಸ ವರದಿ ಕೊಡುವುದು, ಬುದ್ಧಿ ಹೇಳುವುದಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಎಷ್ಟು ದಿನ ನಡೆದಿದ್ದೆ ತಮ್ಮಾ?"

"ಎಪ್ಪತ್ನಾಲ್ಕು."

"ಬಿಟ್ಟದ್ದು?"

"ಇಪ್ಪತ್ಮೂರು. ಎಲ್ಲ ನೀರಿಗೆ ಹೋಯಿತು ಅವ್ವಾ."

"ಇಪ್ಪತ್ಮೂರು ಹೋದವು. ಆ ಎಪ್ಪತ್ನಾಲ್ಕು ಎಲ್ಲಿ ಹೋದವು?"

ಕೈಯಡಿಯ ರೊಟ್ಟಿಯ ಅಂಚು ಬಿರಿದಿತ್ತು. ಅವಳು ಬೆರಳನ್ನು ನೀರಿಗೆ ಅದ್ದಿ, ಬಿರುಕನ್ನು ಒತ್ತಿ ಕೂಡಿಸಿ, ಮತ್ತೆ ಬಡಿಯತೊಡಗಿದಳು. ನಾನು ಉತ್ತರ ಕೊಡದೆ ಅದನ್ನೇ ನೋಡುತ್ತಾ ನಿಂತೆ.

ದೀಪಾವಳಿಯ ನಂತರ ದಿನವೂ ನಸುಕಿನಲ್ಲಿ ಗವಿಮಠದ ಕಡೆ ನಡೆಯುತ್ತಿದ್ದೆ. ಅನ್ನ ಅರ್ಧಕ್ಕೆ ಇಳಿದಿತ್ತು, ಚಹಾದಲ್ಲಿ ಸಕ್ಕರೆ ಇರಲಿಲ್ಲ. ಜನವರಿಯಲ್ಲಿ ಜಾತ್ರೆ ಬಂತು. ಗವಿಸಿದ್ಧೇಶ್ವರರ ದಾಸೋಹದಲ್ಲಿ ಸಿಹಿ ಮಾದಲಿ ಬಡಿಸಿದಾಗ ಬೇಡ ಎನ್ನಲು ಕೊಪ್ಪಳದವರಿಗೆ ನಾಲಿಗೆ ಏಳುವುದಿಲ್ಲ. ಏಳಬಾರದು ಎಂದೇ ಇಂದಿಗೂ ನನ್ನ ನಂಬಿಕೆ. ಮರುದಿನ ಮಿರ್ಚಿ ಭಜಿಯೂ ಆಯಿತು. ಅಷ್ಟೇ, ಎರಡು ದಿನ. ಮೂರನೆಯ ದಿನ ಐದಕ್ಕೆ ಎಚ್ಚರವಾದರೂ ಏಳಲಿಲ್ಲ. ಕೆಡಿಸಿಕೊಂಡಾಯಿತು, ಇನ್ನೇನು ಎಂದು ಮಗ್ಗುಲು ಬದಲಿಸಿದೆ. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು "ನಿಮ್ಮ ವ್ರತ ಮುಗಿಯಿತೇ?" ಎಂದು ನಕ್ಕರು. ಇನ್ನೊಬ್ಬರು ಎಡವುವುದನ್ನೇ ಕಾದಿರುವ ಇಂಥವರ ಮಾತಿಗೆ ನಾನು ಬೆಲೆ ಕೊಡಬಾರದಿತ್ತು. ಕೊಟ್ಟೆ. ಜಾತ್ರೆ ತೆಗೆದುಕೊಂಡದ್ದು ಎರಡು ದಿನ, ನಾಚಿಕೆ ನುಂಗಿದ್ದು ಇಪ್ಪತ್ತೊಂದು.

ರಾತ್ರಿ ನಿದ್ದೆ ಬರಲಿಲ್ಲ. ಎಲ್ಲಿ ಹೋದವು, ಎಲ್ಲಿ ಹೋದವು ಎಂದು ಅವ್ವನ ದನಿಯೇ ಕಿವಿಯಲ್ಲಿ. ಎದ್ದು ಹಳೆಯ ವರದಿ ಹುಡುಕಿದೆ. ದೀಪಾವಳಿಗೆ ಮುಂಚೆ 8.3 ಇತ್ತು! ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದರ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆಯುವ ಈ ಪರೀಕ್ಷೆ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಕೊನೆಯ ತಿಂಗಳಿಗೆ ಅದರಲ್ಲಿ ಹೆಚ್ಚು ಪಾಲು. ಆ ಕೊನೆಯ ತಿಂಗಳನ್ನು ನಾನು ಹಾಗೆ ಕಳೆದರೂ 8.3 ಇದ್ದದ್ದು 7.4ಕ್ಕೆ ಇಳಿದಿದೆ. ನಡೆದ ದಿನಗಳು ನನ್ನ ರಕ್ತದಲ್ಲೇ ಇದ್ದವು. ನಾನು ನೋಡಿದ್ದು ಏಳರ ಗೆರೆಯನ್ನು ಮಾತ್ರ.

ಆಗ ನೆನಪಾದದ್ದು ನನ್ನ ತರಗತಿಯ ಹುಡುಗಿಯೊಬ್ಬಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾಗಿ ಅಳುತ್ತಾ ಬಂದವಳಿಗೆ "ವರ್ಷವೇ ಹಾಳಾಯಿತಲ್ಲಮ್ಮಾ" ಎಂದಿದ್ದೆ. ಪಾಸಾದ ಐದು ವಿಷಯಗಳು ಎಲ್ಲಿ ಹೋದವು ಎಂದು ಕೇಳಬೇಕಾಗಿತ್ತು. ಅವಳು ಪೂರಕ ಪರೀಕ್ಷೆಗೆ ಕೂರಲಿಲ್ಲ. ಆ ಮಾತು ಇಂದಿಗೂ ಚುಚ್ಚುತ್ತದೆ.

ಮಂಗಳವಾರ ಐದೂವರೆಗೆ ಹೊರಟೆ. ಮೊದಲಿನಷ್ಟು ದೂರ ಆಗಲಿಲ್ಲ, ಮೀನಖಂಡ ಹಿಡಿಯಿತು. ಮರಳಿ ಬಂದು ಕ್ಯಾಲೆಂಡರಿನ ಮುಂದೆ ನಿಂತೆ. ಒಂದು ಎಂದು ಬರೆಯಲು ಕೈ ಎತ್ತಿದ್ದೆ. ಒಳಗೆ ರೊಟ್ಟಿಯ ಸದ್ದು ಕೇಳಿಸುತ್ತಿತ್ತು. 75 ಎಂದು ಬರೆದೆ.