ಎರವಲು ತಂದ ಬೆನ್ನುಚೀಲ
ಗ್ರಂಥಾಲಯದಿಂದ ಪುಸ್ತಕದ ಬದಲು ಬೆನ್ನುಚೀಲವೊಂದನ್ನು ಎರವಲು ತಂದದ್ದು ನಮ್ಮ ಮನೆಯಲ್ಲಿ ಇದೇ ಮೊದಲು. ಅದರಲ್ಲಿ ಬೈನಾಕ್ಯುಲರ್, ಎರಡು ಭೂತಗನ್ನಡಿಗಳು, ಗಾಳಿಯಾಡುವ ಮುಚ್ಚಳದ ಪಾರದರ್ಶಕ ಡಬ್ಬಿ, ದಿಕ್ಸೂಚಿ ಮತ್ತು ಹಕ್ಕಿಗಳನ್ನು ಗುರುತಿಸುವ ಕೈಪಿಡಿ ಇದ್ದವು. ಮರಳಿಸುವಾಗ ತಾಳೆ ನೋಡಲು ಒಂದು ಪಟ್ಟಿಯೂ ಇತ್ತು.

ಬೈನಾಕ್ಯುಲರಿನ ಮೇಲೆ 8×42 ಎಂದು ನಮೂದಾಗಿತ್ತು. ಮೊದಲನೆಯದು ನೋಟ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿಯೂ ಹೇಳುತ್ತದೆ. ಮೊದಲ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ನಾನು ಬಹುಕಾಲ ನಂಬಿದ್ದೆ. ಆದರೆ ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗಿ, ಕಾಣುವ ಹರವು ಸಾಮಾನ್ಯವಾಗಿ ಕಿರಿದಾಗುವುದರಿಂದ, ಮಕ್ಕಳ ಕೈಗೆ ಎಂಟು ಪಟ್ಟೂ ತುಸು ಹೆಚ್ಚೇ. ಮಗಳು ಮೊದಲ ಅರ್ಧ ಗಂಟೆ ಬರೀ ಎಲೆಗಳನ್ನೇ ನೋಡಿದಳು. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ ಗುರುತಿಸಿ, ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ಏರಿಸಬೇಕೆಂದು ತಿಳಿದ ಮೇಲೆ ಅವಳಿಗೆ ರೆಂಬೆಯ ಮೇಲೆ ಗರಿ ನೀವಿಕೊಳ್ಳುತ್ತಿದ್ದ ಹಕ್ಕಿ ಸಿಕ್ಕಿತು.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಮಾತ್ರ ಆ ಅಗ್ಗದ ಡಬ್ಬಿ. ಒಳಗಿಟ್ಟ ಜೇಡವನ್ನು ಕೆಳಗಿನಿಂದ ನೋಡಿ ಮಗ ಎಂಟು ಕಾಲುಗಳನ್ನು ಎಣಿಸಿದ. ಆರು ಕಾಲಿನ ಕೀಟಗಳ ಗುಂಪಿಗೆ ಅದು ಸೇರುವುದಿಲ್ಲವೆಂದು ನಾನು ವಿವರಿಸುವ ಮೊದಲೇ ವಾದಕ್ಕೆ ನಿಂತ. ಐದು ನಿಮಿಷದೊಳಗೆ ಜೇಡವನ್ನು ಹಿಡಿದಲ್ಲಿಯೇ ಬಿಟ್ಟೆವು.

ಮಸೂರದ ಮುಚ್ಚಳವೊಂದು ಕಳೆದಿದೆಯೆಂದು ಗೊತ್ತಾದದ್ದು ಮನೆಗೆ ಬಂದು ಪಟ್ಟಿ ನೋಡಿದಾಗ. ಮರುದಿನ ಬೆಳಿಗ್ಗೆ, ಜೇಡವನ್ನು ಹಿಡಿದಿದ್ದ ಪೊದೆಯ ಬುಡದಲ್ಲಿ ನಾವು ಮೂವರೂ ಮಂಡಿಯೂರಿದ್ದೆವು.